ಸಂಶೋಧನೆಯ ಆಕರಗಳನ್ನು ಯಾವ ಹೆಸರಿನಲ್ಲಿ ಹುಡುಕಬೇಕು?

ಓದುಗರ ಪ್ರಶ್ನೆ: ನಾನು ರಾಜ್ಯಶಾಸ್ತ್ರ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಕರ್ನಾಟಕದ ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿ ಬೆಳೆದುಬಂದ ಬಗೆಯ ಕುರಿತು ಕಿರುಪ್ರಬಂಧ ಬರೆಯಬೇಕಾಗಿದೆ. ಅಂತರ್ಜಾಲದಲ್ಲಿ ಎಷ್ಟು ಹುಡುಕಿದರೂ ಪರಿಚಯ ಲೇಖನಗಳೇ ಸಿಗುತ್ತವೆಯೇ ಹೊರತು ಮೂಲ ಆಕರಗಳು ಸಿಗುವುದಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಈ ತೊಂದರೆಯನ್ನು ರಾಜ್ಯಶಾಸ್ತ್ರದ ಬಹುಪಾಲು ವಿದ್ಯಾರ್ಥಿಗಳು ಎದುರಿಸುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಆಕರ ಇದ್ದೇ ಇರುತ್ತದೆ. ಆದರೆ ನಾವು ಇಂದಿನ ಹೆಸರಿನಿಂದ ಹುಡುಕುತ್ತೇವೆ, ದಾಖಲೆಯು ಅಂದಿನ ಹೆಸರಿನಲ್ಲಿ ಕುಳಿತಿರುತ್ತದೆ. ಆದ್ದರಿಂದ ಗ್ರಂಥಾಲಯಕ್ಕೆ ಹೋಗುವ ಮೊದಲು, ಕಂಪ್ಯೂಟರಿನ ಮುಂದೆ ಕೂರುವುದಕ್ಕೂ ಮೊದಲು, ನಿಮ್ಮ ವಿಷಯಕ್ಕೆ ಆಯಾ ಕಾಲದಲ್ಲಿ ಯಾವ ಹೆಸರು, ಯಾವ ಸಂಖ್ಯೆ ಇತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ನಿಮ್ಮ ವಿಷಯವನ್ನೇ ನೋಡೋಣ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಮುನ್ನಡೆಸಿದ ಪಂಚಾಯತಿ ಸುಧಾರಣೆಯಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಯಿತು. ಆಗ ಇದ್ದ ಸಂಸ್ಥೆಗಳು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ. ಇಂದಿನ ಜಿಲ್ಲಾ ಪಂಚಾಯತಿ, ಗ್ರಾಮ ಪಂಚಾಯತಿಗಳಲ್ಲ. ಮಂಡಲವೆಂಬ ಪದವಿಲ್ಲದೆ ಆ ಸಂಸ್ಥೆಗಳ 1987ರ ಚುನಾವಣೆಯನ್ನು ಹುಡುಕಿದರೆ ಮುಖ್ಯವಾದ ಬರಹಗಳೇ ಕಣ್ಣಿಗೆ ಬೀಳದೆ ಹೋಗಬಹುದು. ಇನ್ನೊಂದು ತೊಡಕನ್ನೂ ಗಮನಿಸಿ: ಈ ಸುಧಾರಣೆಯನ್ನು ತಂದ ಕಾಯ್ದೆಯನ್ನು ಎಲ್ಲರೂ 1983ರ ಕಾಯ್ದೆ ಎನ್ನುತ್ತಾರೆ, ಆದರೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಾದ್ದರಿಂದ ಅದು 1985ರ 20ನೆಯ ಅಧಿನಿಯಮವಾಗಿ ಸಂಖ್ಯೆ ಪಡೆದಿದೆ. ಸದನದ ಚರ್ಚೆಯನ್ನು ಒಂದು ವರ್ಷದ ಸಂಪುಟದಲ್ಲಿ, ಕಾಯ್ದೆಯ ಪಾಠವನ್ನು ಮತ್ತೊಂದು ವರ್ಷದ ಸಂಪುಟದಲ್ಲಿ ನೋಡಬೇಕಾಗುತ್ತದೆ. ಇನ್ನೂ ಹಿಂದಕ್ಕೆ ಹೋಗುವುದಾದರೆ, 1973ರ ನವೆಂಬರ್ 1ಕ್ಕೆ ಮೊದಲಿನ ರಾಜ್ಯ ಸರ್ಕಾರದ ದಾಖಲೆಗಳು ಮೈಸೂರು ರಾಜ್ಯದ ಹೆಸರಿನಲ್ಲಿರುವುದರಿಂದ, 1959ರ ಗ್ರಾಮ ಪಂಚಾಯತಿ ಕಾಯ್ದೆಯನ್ನು ಕರ್ನಾಟಕ ಎಂಬ ಪದದಿಂದ ಮಾತ್ರ ಹುಡುಕಿದರೆ ಸಾಲದು, ಮೈಸೂರು ಎಂಬ ಪದದಿಂದಲೂ ಹುಡುಕಬೇಕು.

ಸಂವಿಧಾನ ಸಭೆಯ ಚರ್ಚೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಂಚಾಯತಿಗಳ ಕುರಿತ 40ನೆಯ ವಿಧಿಯು 1948ರ ನವೆಂಬರ್ 22ರಂದು ಕೆ. ಸಂತಾನಂ ಅವರ ತಿದ್ದುಪಡಿಯ ಮೂಲಕ 31-ಎ ಎಂಬ ಸಂಖ್ಯೆಯಲ್ಲಿ ಸೇರಿತು. ಕರಡಿನ 40ನೆಯ ವಿಧಿ ಬೇರೆಯೇ ವಿಷಯ. ಈ ಚರ್ಚೆಗಳೆಲ್ಲ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳನ್ನು ವಿಧಿಯ ಸಂಖ್ಯೆಯಿಂದ ಹುಡುಕುವುದಕ್ಕಿಂತ ದಿನಾಂಕದಿಂದ ಹುಡುಕುವುದು ಹೆಚ್ಚು ಭದ್ರವಾದ ಕ್ರಮ.

ಹೆಸರುಗಳ ಹಾಳೆ ಸಿದ್ಧವಾದ ಮೇಲೆ ಮೊದಲು ಶೋಧಗಂಗಾ ತೆರೆಯಿರಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ಈ ಭಂಡಾರದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಸಾಮಾನ್ಯವಾಗಿ ಒಂದೊಂದು ಅಧ್ಯಾಯಕ್ಕೂ ಪ್ರತ್ಯೇಕ ಪಿಡಿಎಫ್ ಇರುತ್ತದೆ. ನೀವು ಮೊದಲು ತೆರೆಯಬೇಕಾದದ್ದು ಕೊನೆಯಲ್ಲಿರುವ ಗ್ರಂಥಋಣದ ಪಿಡಿಎಫ್. ನಿಮಗಿಂತ ಮೊದಲು ವರ್ಷಗಟ್ಟಲೆ ಇದೇ ವಿಷಯದಲ್ಲಿ ದುಡಿದವರು ಯಾವ ವರದಿ, ಯಾವ ಗೆಜೆಟ್, ಯಾವ ಸಮಿತಿಯನ್ನು ನೋಡಿದ್ದಾರೆಂಬುದು ಅಲ್ಲಿ ಒಂದೇ ಕಡೆ ಸಿಗುತ್ತದೆ. ಆದರೆ ಮಹಾಪ್ರಬಂಧಗಳ ಗುಣಮಟ್ಟ ಒಂದೇ ರೀತಿ ಇರುವುದಿಲ್ಲ, ಆದ್ದರಿಂದ ಅವು ತೋರಿಸುವ ಆಕರವನ್ನು ನೀವೇ ತೆರೆದು ನೋಡದೆ ಉಲ್ಲೇಖಿಸಬೇಡಿ.

ಜರ್ನಲ್ ಲೇಖನಗಳಿಗೆ ಹಣ ಕೊಡಬೇಕೆಂದು ಪರದೆಯ ಮೇಲೆ ಬಂದ ಕೂಡಲೇ ಹಿಂದೆ ಸರಿಯಬೇಡಿ. 2025ರ ಜನವರಿ 1ರಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಅಧೀನದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತಿವೆ. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದರೆ ಆ ಸೌಲಭ್ಯ ನಿಮ್ಮದೂ ಹೌದು. ಮನೆಯಿಂದಲೇ ಓದಲು ಲಾಗಿನ್ ಸಿಗುತ್ತದೆಯೇ ಎಂದು ಗ್ರಂಥಾಲಯದಲ್ಲಿ ವಿಚಾರಿಸಿ.

ಇನ್ನು ಪುಸ್ತಕಗಳ ಕಪಾಟು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ಪದ್ಧತಿಯ ಗ್ರಂಥಾಲಯಗಳಲ್ಲಿ ರಾಜ್ಯಶಾಸ್ತ್ರ 320ರಲ್ಲಿ, ಚುನಾವಣೆ 324ರಲ್ಲಿ, ಶಾಸನಸಭೆಗಳು 328ರಲ್ಲಿ ಇರುತ್ತವೆ. ಆದರೆ ಸಂವಿಧಾನದ ಕಾನೂನು 342ಕ್ಕೂ ಆಡಳಿತ ಮತ್ತು ಸ್ಥಳೀಯ ಸರ್ಕಾರ 352ಕ್ಕೂ ಹೋಗಿಬಿಡುತ್ತವೆ. ರಾಜ್ಯಶಾಸ್ತ್ರವೆಂಬ ಫಲಕದ ಕೆಳಗೆ ಮಾತ್ರ ನಿಂತು ಹುಡುಕುವವರಿಗೆ ಪಂಚಾಯತಿಯ ಪುಸ್ತಕಗಳು ಕಾಣದಿರುವುದಕ್ಕೆ ಇದೇ ಕಾರಣ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿಯನ್ನು ಅನುಸರಿಸುವ ಕಡೆಗಳಲ್ಲಿ ರಾಜ್ಯಶಾಸ್ತ್ರಕ್ಕೆ ಡಬ್ಲ್ಯು ಅಕ್ಷರವಿದೆ. ಓದುಗನ ಸಮಯವನ್ನು ಉಳಿಸಬೇಕೆಂಬುದನ್ನು ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದಾಗಿ ಸಾರಿದ ಅವರು 1962ರಲ್ಲಿ ಬೆಂಗಳೂರಿನಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ.

ಕನ್ನಡದ ಆಕರಗಳಿಗೆ ಗ್ರಂಥಾಲಯವನ್ನೇ ನಂಬಬೇಕಾದ ಸಂದರ್ಭಗಳು ಈಗಲೂ ಹೆಚ್ಚು. ಹಳೆಯ ಪತ್ರಿಕೆ ಅಥವಾ ಸದನದ ನಡವಳಿಯ ಪುಟಗಳನ್ನು ಕೇವಲ ಚಿತ್ರವಾಗಿ ಸ್ಕ್ಯಾನ್ ಮಾಡಿದ್ದರೆ ಅದರೊಳಗಿನ ಕನ್ನಡ ಪದವನ್ನು ಯಾವ ಶೋಧಯಂತ್ರವೂ ಹಿಡಿಯಲಾರದು. ಅಂತಹ ಕಡೆ ಬೈಂಡ್ ಮಾಡಿದ ಸಂಪುಟವನ್ನು ಮೇಜಿನ ಮೇಲಿಟ್ಟುಕೊಂಡು ಪುಟ ತಿರುವುವುದೇ ದಾರಿ. ಅದಕ್ಕೆ ಎರಡು ಮೂರು ದಿನಗಳನ್ನು ಮೊದಲೇ ತೆಗೆದಿಡಿ.

ಪರಾಮರ್ಶನ ವಿಭಾಗದಲ್ಲಿ ‘ಪಂಚಾಯತಿ ಕುರಿತು ಏನಾದರೂ ಇದೆಯೇ’ ಎಂದು ಕೇಳುವ ಬದಲು, ‘1983ರ ವಿಧಾನಸಭೆಯ ನಡವಳಿಗಳ ಸಂಪುಟಗಳು ಎಲ್ಲಿವೆ, 1985ರ ಅಧಿನಿಯಮಗಳ ಸಂಪುಟ ಎಲ್ಲಿದೆ’ ಎಂದು ಕೇಳಿ. ಅಲ್ಲಿ ಇಲ್ಲವೆಂದಾದರೆ, ವಿಭಾಗದ ಮುಖ್ಯಸ್ಥರಿಂದ ಪರಿಚಯ ಪತ್ರ ಪಡೆದು ವಿಧಾನಸೌಧದಲ್ಲಿರುವ ಶಾಸಕಾಂಗದ ಗ್ರಂಥಾಲಯದಲ್ಲಿ ಅನುಮತಿ ಕೇಳಿ. ಆಗಲೂ ಆ ಹೆಸರುಗಳ ಹಾಳೆಯನ್ನು ಜೊತೆಗೆ ಕೊಂಡೊಯ್ಯಿರಿ.