‘ವೇಗದ ಅಯಾನು’: ಯಾವುದಕ್ಕೆ ಹೋಲಿಸಿದರೆ ವೇಗ?

ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು, ಇನ್ನೊಂದು ಪರಮಾಣುವಿಗೆ ಡಿಕ್ಕಿ ಹೊಡೆದಾಗ ಏನಾಗುತ್ತದೆಂದು ಲೆಕ್ಕ ಮಾಡಿಕೊಡಿ ಎಂದು ನನ್ನ ಬಳಿಗೆ ಬರುವ ಬೇಡಿಕೆಗಳಲ್ಲಿ ಬಹುಪಾಲು ಒಂದೇ ಬಗೆಯ ವಾಕ್ಯದಿಂದ ಆರಂಭವಾಗುತ್ತವೆ: ‘ನಮ್ಮ ಅಯಾನಿನ ಶಕ್ತಿ ಮೆಗಾ ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿದೆ, ಆದ್ದರಿಂದ ಮೊದಲ ಬೋರ್ನ್ ಅಂದಾಜು ಸಾಕು.’ (ಅಯಾನು ಎಲೆಕ್ಟ್ರಾನಿಗೆ ಒಂದೇ ಸಲ ಬಡಿಯುತ್ತದೆ ಎಂದುಕೊಂಡು ಮಾಡುವ ಸರಳ ಲೆಕ್ಕವದು; ‘ಮೊದಲ ಕ್ರಮ’ ಎನ್ನುವುದೂ ಅದನ್ನೇ.) ಹೀಗೆ ಬರೆಯುವವರು ತಿಳಿಯದವರೇನಲ್ಲ; ನಾನು ಕಾಗದದ ಮೇಲಷ್ಟೇ ಕಾಣುವ ಕೋನಗಳನ್ನು ಪ್ರಯೋಗಾಲಯದಲ್ಲಿ ಅಳೆದು ತೋರಿಸುವವರು. ಆದರೂ ಆ ‘ಆದ್ದರಿಂದ’ಕ್ಕೆ ಯಾವ ಆಧಾರವೂ ಇಲ್ಲವೆಂದು ಎಷ್ಟು ಸಲ ಹೇಳಿದರೂ ಮುಂದಿನ ಪತ್ರದಲ್ಲಿ ಅದು ಮತ್ತೆ ಹಾಜರಾಗಿರುತ್ತದೆ.

ಸಿದ್ಧಾಂತಕ್ಕೆ ಬೇಕಾದದ್ದು ಅಯಾನಿನ ಒಟ್ಟು ಶಕ್ತಿಯಲ್ಲ, ಅದರ ವೇಗ. ಅದೂ ಡಿಕ್ಕಿಯಲ್ಲಿ ಪಾಲ್ಗೊಳ್ಳುವ ಎಲೆಕ್ಟ್ರಾನಿನ ವೇಗಕ್ಕೆ ಹೋಲಿಸಿದ ವೇಗ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 2,200 ಕಿಲೋಮೀಟರ್ ವೇಗದಲ್ಲಿ, ಅಂದರೆ ಬೆಳಕಿನ ವೇಗದ 137ನೇ ಒಂದು ಭಾಗದಷ್ಟು ವೇಗದಲ್ಲಿ ಚಲಿಸುತ್ತದೆ. ಪ್ರೋಟಾನು ಆ ವೇಗವನ್ನು ಮುಟ್ಟಲು 25 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಸಾಕು. ದ್ರವ್ಯರಾಶಿ 40 ಇರುವ ಆರ್ಗಾನ್ ಅಯಾನಿಗೆ ಅದೇ ವೇಗ ಬರಬೇಕಾದರೆ 1 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಬೇಕು. ಪತ್ರದಲ್ಲಿ ಅಷ್ಟು ಹೆಮ್ಮೆಯಿಂದ ನಮೂದಿಸಿದ ಆ ಮೆಗಾ, ಹೈಡ್ರೋಜನಿನ ಒಂಟಿ ಎಲೆಕ್ಟ್ರಾನನ್ನೂ ಹಿಂದಿಕ್ಕಲಾರದು. ಇದು ವೇಗದ ಡಿಕ್ಕಿಯಲ್ಲ, ಮಧ್ಯಮ ವೇಗದ ಡಿಕ್ಕಿ, ಲೆಕ್ಕಕ್ಕೆ ಅತ್ಯಂತ ಕಷ್ಟದ ವಲಯ.

ಒಂದೇ ಅಯಾನು ಒಂದೇ ಡಿಕ್ಕಿಯಲ್ಲಿ ಏಕಕಾಲಕ್ಕೆ ವೇಗದ್ದೂ ನಿಧಾನದ್ದೂ ಆಗಿರಬಹುದು ಎಂಬುದನ್ನು ಒಪ್ಪಿಸುವುದು ಇನ್ನೂ ಕಷ್ಟ. 10 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನ ಪ್ರೋಟಾನಿನ ವೇಗ ಹೈಡ್ರೋಜನ್ ಎಲೆಕ್ಟ್ರಾನಿನದರ ಸುಮಾರು ಇಪ್ಪತ್ತು ಪಟ್ಟು. ಒಳಕವಚದ ಎಲೆಕ್ಟ್ರಾನಿನ ವೇಗ ಸ್ಥೂಲವಾಗಿ ಪರಮಾಣು ಸಂಖ್ಯೆಗೆ ಅನುಪಾತದಲ್ಲಿ ಏರುವುದರಿಂದ, ಇಂಗಾಲದ ಅತಿ ಒಳಗಿನ ಕೆ ಕವಚದ ಮಟ್ಟಿಗೆ ಆ ಪ್ರೋಟಾನು ನಿಸ್ಸಂದೇಹವಾಗಿ ವೇಗದ್ದು. ಪರಮಾಣು ಸಂಖ್ಯೆ 79 ಇರುವ ಚಿನ್ನದ ಕೆ ಕವಚದ ಮಟ್ಟಿಗೆ ನಿಧಾನದ್ದು. ಗುರಿ ಯಾವ ಧಾತು ಎಂಬುದನ್ನು ಎಲ್ಲರೂ ತಿಳಿಸುತ್ತಾರೆ, ಯಾವ ಕವಚ ಎಂಬುದನ್ನು ಮಾತ್ರ ಕೇಳಿಯೇ ಪಡೆಯಬೇಕಾಗುತ್ತದೆ.

ಇಷ್ಟಾದ ಮೇಲೂ ವೇಗವೊಂದೇ ಸಾಲದು. ಮೊದಲ ಬೋರ್ನ್ ಅಂದಾಜು ನಿಲ್ಲುವುದು ಅಯಾನು ಎಲೆಕ್ಟ್ರಾನಿಗೆ ಕೊಡುವ ಕ್ಷೋಭೆ ಚಿಕ್ಕದಾಗಿದ್ದಾಗ, ಮತ್ತು ಆ ಕ್ಷೋಭೆಯ ಅಳತೆಗೋಲು ಅಯಾನಿನ ವಿದ್ಯುದಂಶವನ್ನು ಅದರ ವೇಗದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ವೇಗವನ್ನು ಹೈಡ್ರೋಜನ್ ಎಲೆಕ್ಟ್ರಾನಿನ ವೇಗದ ಮಾನದಲ್ಲಿ ತೆಗೆದುಕೊಳ್ಳಬೇಕು. ಎಲ್ಲ ಎಲೆಕ್ಟ್ರಾನುಗಳನ್ನೂ ಕಳೆದುಕೊಂಡ ಯುರೇನಿಯಂ ಅಯಾನು ಪ್ರತಿ ನ್ಯೂಕ್ಲಿಯಾನಿಗೆ (ನ್ಯೂಕ್ಲಿಯಸ್ಸಿನ ಪ್ರತಿ ಪ್ರೋಟಾನು, ನ್ಯೂಟ್ರಾನಿಗೆ) 1 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನಂತೆ ಓಡುತ್ತಿದ್ದರೆ, ಅದರ ವೇಗ ಬೆಳಕಿನದರ ಶೇಕಡ 87ಕ್ಕೂ ಹೆಚ್ಚು. ಆದರೂ ಅದರ ವಿದ್ಯುದಂಶವಾದ 92ನ್ನು ಆ ಮಾನದಲ್ಲಿನ ವೇಗವಾದ ಸುಮಾರು 120ರಿಂದ ಭಾಗಿಸಿದರೆ ಮುಕ್ಕಾಲಿಗಿಂತ ಹೆಚ್ಚೇ ಬರುತ್ತದೆ. ಅದನ್ನು ಚಿಕ್ಕದೆಂದು ಕರೆಯುವ ಧೈರ್ಯ ನನಗಿಲ್ಲ. ಈ ಸಂಖ್ಯೆ ಒಂದನ್ನು ದಾಟಿದ ಕಡೆ ಮೊದಲ ಕ್ರಮದ ಲೆಕ್ಕಕ್ಕೆ ಹೊರಟರೆ, ಅಯಾನು ಪರಮಾಣುವಿನ ಸಮೀಪದಲ್ಲೇ ಹಾದುಹೋಗುವಾಗ ಅಯಾನೀಕರಣದ ಸಂಭವನೀಯತೆ ಒಂದಕ್ಕಿಂತ ಹೆಚ್ಚು ಬರುವುದೂ ಉಂಟು. ಅಂಥ ಅಂಕಿಗಳನ್ನು ನೀಟಾದ ಕೋಷ್ಟಕವಾಗಿಸಿ ಕಳಿಸಿದವರಿದ್ದಾರೆ.

ಎಲೆಕ್ಟ್ರಾನು ಕಿತ್ತುಹೋಗುವ ಬದಲು ಅಯಾನಿನ ಜೊತೆಗೇ ಹೊರಟುಹೋಗುವ ಸೆರೆಯ ಪ್ರಕ್ರಿಯೆಯಲ್ಲಂತೂ ‘ವೇಗ ಹೆಚ್ಚಿದಷ್ಟೂ ಮೊದಲ ಕ್ರಮ ಸರಿಹೋಗುತ್ತದೆ’ ಎಂಬ ನಂಬಿಕೆಯೇ ತಲೆಕೆಳಗಾಗುತ್ತದೆ. ನಿಂತಿರುವ ಎಲೆಕ್ಟ್ರಾನಿಗೆ ಭಾರವಾದ ಅಯಾನು ಬಡಿದರೆ, ಎಲೆಕ್ಟ್ರಾನು ನೇರ ಮುಂದಕ್ಕೆ ಹಾರುವಾಗ ಅದರ ವೇಗ ಅಯಾನಿನದರ ಇಮ್ಮಡಿ. ಅಯಾನಿನಷ್ಟೇ ವೇಗ ಪಡೆಯಬೇಕಾದರೆ 60 ಡಿಗ್ರಿ ಪಕ್ಕಕ್ಕೆ ಹಾರಬೇಕು. ಸೆರೆಗೆ ಅಯಾನಿನ ವೇಗವೂ ಬೇಕು, ದಿಕ್ಕೂ ಬೇಕು; ಎರಡೂ ಒಟ್ಟಿಗೆ ಹೊಂದಿಕೆಯಾಗುವುದು ಒಂದೇ ಬಡಿತದಲ್ಲಿ ಸಾಧ್ಯವಿಲ್ಲ. 1927ರಲ್ಲಿ ಭೌತವಿಜ್ಞಾನಿ ಥಾಮಸ್ ಅಭಿಜಾತ ಯಂತ್ರಶಾಸ್ತ್ರದಿಂದಲೇ ತೋರಿಸಿದ ದಾರಿ ಎರಡು ಬಡಿತಗಳದು: 60 ಡಿಗ್ರಿ ಪಕ್ಕಕ್ಕೆ ಹಾರಿದ ಎಲೆಕ್ಟ್ರಾನು ತನ್ನದೇ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ತಾಗಿ ಮತ್ತೆ 60 ಡಿಗ್ರಿ ತಿರುಗಿ, ಅಯಾನಿಗೆ ಸಮಾಂತರವಾಗಿ ಅದೇ ವೇಗದಲ್ಲಿ ಸಾಗುತ್ತದೆ. ಕ್ವಾಂಟಂ ಸಿದ್ಧಾಂತದಲ್ಲಿ ಇದು ಎರಡನೇ ಬೋರ್ನ್ ಪದ. ಮೊದಲ ಕ್ರಮದಲ್ಲಿ ಉಳಿಯುವುದು, ಎಲೆಕ್ಟ್ರಾನು ಪರಮಾಣುವಿನೊಳಗೆ ಮೊದಲೇ ವಿಪರೀತ ಸಂವೇಗ ಹೊಂದಿದ್ದ ಅಪರೂಪದ ಸಂದರ್ಭದ ಕೊಡುಗೆ ಮಾತ್ರ. ಹೀಗಾಗಿ ಅಯಾನಿನ ವೇಗ ಇಮ್ಮಡಿಸಿದರೆ ಮೊದಲ ಕ್ರಮದ ಸೆರೆಯ ಕ್ರಾಸ್‌ಸೆಕ್ಷನ್ (ಅದು ನಡೆಯುವ ಸಾಧ್ಯತೆಯ ಅಳತೆ) 4,096 ಪಟ್ಟು ಕುಸಿಯುತ್ತದೆ, ಎರಡನೆಯದು 2,048 ಪಟ್ಟು. ಎರಡೂ ಕುಸಿತವೇ, ಆದರೆ ಸಾಕಷ್ಟು ದೂರ ಹೋದರೆ ಗೆಲ್ಲುವುದು ಎರಡನೆಯದು. (ಇನ್ನೂ ಮುಂದಕ್ಕೆ ಹೋದರೆ ಫೋಟಾನನ್ನು ಹೊರಸೂಸಿ ನಡೆಯುವ ಸೆರೆ ಎರಡನ್ನೂ ಮೀರುತ್ತದೆ, ಅದು ಬೇರೆಯೇ ಕಥೆ.) ಥಾಮಸ್ ಹೇಳಿದ ಎರಡು ಬಡಿತಗಳಲ್ಲಿ ಪ್ರೋಟಾನು ಬಾಗುವುದು 0.47 ಮಿಲಿರೇಡಿಯನ್, ಎಲೆಕ್ಟ್ರಾನಿಗಿಂತ ಅದು 1,836 ಪಟ್ಟು ಭಾರವಾಗಿರುವುದರಿಂದ. ಅಷ್ಟು ಸಣ್ಣ ಕೋನದಲ್ಲಿ ಸೆರೆಯ ಎಣಿಕೆ ಏರಿ ಮೂಡುವ ಶಿಖರವನ್ನು 1983ರಲ್ಲಿ ಹೀಲಿಯಂ ಗುರಿಯ ಮೇಲೆ ಅಳೆದು ತೋರಿಸಿದರು. ಸಿದ್ಧಾಂತಿಗಳಾದ ನಾವು ಪ್ರಯೋಗಕಾರರಿಗೆ ತಲೆಬಾಗಬೇಕಾದ ಸಂದರ್ಭಗಳಲ್ಲಿ ಇದೊಂದು.

ಹಾಗಾದರೆ ಮೊದಲ ಬೋರ್ನ್ ಅಂದಾಜನ್ನು ಎಸೆದುಬಿಡಬೇಕೇ ಎಂದು ಕೇಳಿದರೆ, ಖಂಡಿತ ಬೇಡ. ವಿದ್ಯುದಂಶಕ್ಕೂ ವೇಗಕ್ಕೂ ಇರುವ ಆ ಅನುಪಾತ ನಿಜವಾಗಿ ಚಿಕ್ಕದಿದ್ದು, ಬೇಕಾದದ್ದು ಅಯಾನೀಕರಣದ ಒಟ್ಟು ಕ್ರಾಸ್‌ಸೆಕ್ಷನ್ ಮಾತ್ರವಾಗಿದ್ದರೆ, ಭೌತವಿಜ್ಞಾನಿ ಬೆತೆ 1930ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಂಬಿಕಸ್ಥವಾದದ್ದು. ತೊಡಕು ಬರುವುದು ಸೂಕ್ಷ್ಮ ಪ್ರಶ್ನೆಗಳಿಗೆ. ಅಯಾನಿನ ಜೊತೆಜೊತೆಗೇ ಅದೇ ವೇಗದಲ್ಲಿ ಮುಂದಕ್ಕೆ ಸಾಗುವ ಎಲೆಕ್ಟ್ರಾನುಗಳ ಚೂಪು ಶಿಖರ, ಹೊರಬಂದ ಎಲೆಕ್ಟ್ರಾನಿನ ಮೇಲೆ ಅಯಾನಿನ ಸೆಳೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮೊದಲ ಕ್ರಮದಲ್ಲಿ ಹುಟ್ಟುವುದೇ ಇಲ್ಲ. 2003ರಲ್ಲಿ ಪ್ರತಿ ನ್ಯೂಕ್ಲಿಯಾನಿಗೆ 100 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಬರಿ ಇಂಗಾಲ ನ್ಯೂಕ್ಲಿಯಸ್‌ಗಳನ್ನು ಹೀಲಿಯಂ ಮೇಲೆ ಹಾಯಿಸಿ, ಎಲೆಕ್ಟ್ರಾನುಗಳ ಮೂರು ಆಯಾಮದ ಹಂಚಿಕೆಯನ್ನು ಚಿತ್ರಿಸಿದ ಪ್ರಯೋಗವನ್ನೇ ನೋಡಿ. ಅಲ್ಲಿ ಅನುಪಾತ ಹತ್ತನೇ ಒಂದರಷ್ಟೇ, ಮೊದಲ ಬೋರ್ನ್‌ಗೆ ಇದಕ್ಕಿಂತ ಅನುಕೂಲದ ನೆಲ ಬೇಕಿರಲಿಲ್ಲ. ಅಯಾನು ಚದುರುವ ಸಮತಲದಲ್ಲಿ ಲೆಕ್ಕವೂ ಅಳತೆಯೂ ಚೆನ್ನಾಗಿಯೇ ಹೊಂದಿದವು. ಅದಕ್ಕೆ ಲಂಬವಾದ ಸಮತಲದಲ್ಲಿ ಸಿದ್ಧಾಂತ ಕೊಟ್ಟ ಆಕಾರವೇ ಬೇರೆ, ಪ್ರಯೋಗ ಕಂಡ ಆಕಾರವೇ ಬೇರೆ. ಉಪಕರಣದ ಸೀಮಿತ ನಿಖರತೆ ಕಾರಣವೆಂದು ಕೆಲವರು, ಅಯಾನುಪುಂಜದ ಅಲೆಗಳ ಸುಸಂಬದ್ಧತೆ (ಅವು ಎಷ್ಟರ ಮಟ್ಟಿಗೆ ಹೆಜ್ಜೆ ಹೊಂದಿಸಿಕೊಂಡಿವೆ ಎಂಬುದು) ಕಾರಣವೆಂದು ಇನ್ನು ಕೆಲವರು ವಾದಿಸಿದ್ದಾರೆ. ಒಂದೇ ಕಾರಣದ ಮೇಲೆ ಎಲ್ಲವನ್ನೂ ಹೊರಿಸಲು ನಾನು ಹಿಂಜರಿಯುತ್ತೇನೆ. ಹಾಗಾಗಿ ಇಂಥ ಡಿಕ್ಕಿಗೆ ಒಟ್ಟು ಕ್ರಾಸ್‌ಸೆಕ್ಷನ್ ಕೇಳಿದವರಿಗೆ ಅಂದೇ ಉತ್ತರ ಕಳಿಸುತ್ತೇನೆ. ಲಂಬ ಸಮತಲದ ಹಂಚಿಕೆ ಬೇಕೆಂದವರಿಂದ ಮೊದಲು ಅಯಾನುಪುಂಜದ ಕೋನೀಯ ಹರವಿನ ವಿವರವನ್ನೂ, ಪತ್ತೆಯಂತ್ರದ ನಿಖರತೆಯ ವಿವರವನ್ನೂ ತರಿಸಿಕೊಳ್ಳುತ್ತೇನೆ.