‘ಎಷ್ಟು ಚಮಚ?’ ಎಂದು ಕೇಳಬೇಡಿ

ಮಗುವಿನ ಜ್ವರದ ಸಿರಪ್ ಕೈಗೆ ಕೊಟ್ಟ ಕೂಡಲೇ ಕೌಂಟರ್‌ನ ಆಚೆಯಿಂದ ಬರುವ ಪ್ರಶ್ನೆ ಒಂದೇ: ‘ಸರ್, ಎಷ್ಟು ಚಮಚ?’ ಚೀಟಿಯಲ್ಲಿ ಡಾಕ್ಟರು 4 ಎಂಎಲ್ ಎಂದು ಸ್ಪಷ್ಟವಾಗಿ ಬರೆದಿದ್ದರೂ ಅದೇ ಪ್ರಶ್ನೆ. ಬಾಟಲಿಯ ತಲೆ ಮೇಲಿರುವ ಅಳತೆ ಕಪ್ ತೋರಿಸಿ ಗೆರೆ ಹೇಳಿಕೊಟ್ಟರೂ, ‘ಅದಿರ್ಲಿ ಸರ್, ಚಮಚದ ಲೆಕ್ಕದಲ್ಲಿ ಹೇಳ್ಬಿಡಿ’ ಎನ್ನುತ್ತಾರೆ. ಕೇಳುವವರನ್ನು ದೂರಿ ಪ್ರಯೋಜನವಿಲ್ಲ. ತಲೆಮಾರುಗಟ್ಟಲೆ ಚಮಚದ ಲೆಕ್ಕ ಹೇಳಿಕೊಟ್ಟವರು ಔಷಧ ವೃತ್ತಿಯವರೇ.

ಬ್ರಿಟಿಷರ ಕಾಲದ ಡಿಸ್ಪೆನ್ಸರಿಗಳಲ್ಲಿ ಪುಡಿಯನ್ನು ಗ್ರೇನ್‌ನಲ್ಲಿ ತೂಗುತ್ತಿದ್ದರು, ದ್ರವವನ್ನು ಮಿನಿಮ್, ಡ್ರಾಮ್, ಔನ್ಸ್‌ಗಳಲ್ಲಿ ಅಳೆಯುತ್ತಿದ್ದರು. 60 ಮಿನಿಮ್‌ಗೆ ಒಂದು ಡ್ರಾಮ್, 8 ಡ್ರಾಮ್‌ಗೆ ಒಂದು ಔನ್ಸ್. ರೋಗಿಗೆ ಅರ್ಥವಾಗಲೆಂದು ಒಂದು ಡ್ರಾಮ್ ಎಂದರೆ ಒಂದು ಟೀ ಚಮಚ ಎಂದು ಹೇಳುವ ರೂಢಿಯಿತ್ತು. ಆ ಡ್ರಾಮ್ ಇಂದಿನ ಲೆಕ್ಕದಲ್ಲಿ ಸುಮಾರು 3.55 ಎಂಎಲ್. ಇಂದು ಔಷಧದ ಲೇಬಲ್ ಮೇಲೆ ಟೀಸ್ಪೂನ್ ಎಂದಿದ್ದರೆ ಅದು 5 ಎಂಎಲ್. ಹೆಸರು ಒಂದೇ, ಪ್ರಮಾಣ ಮಾತ್ರ ಶೇ 40ರಷ್ಟು ಹೆಚ್ಚು! ಇನ್ನು ಅಡುಗೆಮನೆಯ ಡಬ್ಬಿಯಲ್ಲಿರುವ ಚಮಚಗಳನ್ನು ನೀರು ತುಂಬಿಸಿ ಅಳೆದು ನೋಡಿ. ಒಂದು ಎರಡೂವರೆ ಎಂಎಲ್ ಹಿಡಿದರೆ ಇನ್ನೊಂದು ಏಳು ಎಂಎಲ್ ಹಿಡಿಯುತ್ತದೆ.

ಹನಿಯ ಕಥೆಯೂ ಇದೇ. ಹನಿಯ ಗಾತ್ರವನ್ನು ನಂಬಲಾಗದು ಎಂದೇ 1809ರ ಲಂಡನ್ ಫಾರ್ಮಕೋಪಿಯ (ಔಷಧಗಳ ಅಧಿಕೃತ ಕೈಪಿಡಿ) ಹನಿಯ ಬದಲು ಮಿನಿಮ್ ಎಂಬ ನಿಶ್ಚಿತ ಅಳತೆಯನ್ನು ತಂದಿತು. ಪ್ರಮಾಣಿತ ಡ್ರಾಪರ್‌ನಲ್ಲಿ ಒಂದು ಎಂಎಲ್ ನೀರಿಗೆ 20 ಹನಿ ಬೀಳುತ್ತವೆ. ಅದೇ ಡ್ರಾಪರ್‌ನಲ್ಲಿ ಆಲ್ಕೊಹಾಲ್ ಬೆರೆತ ಟಿಂಕ್ಚರ್ ಇಟ್ಟರೆ ಎರಡು ಪಟ್ಟಿಗೂ ಹೆಚ್ಚು ಹನಿ. ಡ್ರಾಪರ್‌ನ ಮೂತಿ ದಪ್ಪವಾದರೆ ಹನಿಯೂ ದಪ್ಪ. ಹಾಗಾಗಿ ಒಂದು ಬಾಟಲಿಯ ಡ್ರಾಪರ್ ತೊಳೆದು ಇನ್ನೊಂದಕ್ಕೆ ಹಾಕಬೇಡಿ. ಅದರ ಮೇಲಿನ ಗೆರೆಗಳು ಆ ಬಾಟಲಿಯ ಔಷಧಕ್ಕೆಂದೇ ಇರುವಂಥವು.

ಹಳೆಯ ಕಾಂಪೌಂಡರ್‌ಗಳಿಗೆ ಚಮಚದ ಅಪಾಯ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮಿಕ್ಸ್‌ಚರ್ ಬಾಟಲಿಯ ಪಕ್ಕಕ್ಕೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಉದ್ದನೆಯ ಬಿಳಿ ಕಾಗದವನ್ನು ಮಡಿಸಿ ಮಡಿಸಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿ ಬಿಡಿಸಿದರೆ ಗರಗಸದ ಹಲ್ಲಿನಂತೆ ಸಮ ಅಂತರದ ಗುರುತುಗಳು. ಆರು ಔನ್ಸ್ ಬಾಟಲಿಗೆ ಹನ್ನೆರಡು ಗುರುತು, ಒಂದೊಂದು ಗುರುತಿಗೆ ಅರ್ಧ ಔನ್ಸ್, ದಿನಕ್ಕೆ ಮೂರು ಸಲದಂತೆ ನಾಲ್ಕು ದಿನಕ್ಕೆ. ಓದು ಬಾರದ ಅಜ್ಜಿಯೂ ಮಟ್ಟ ಒಂದು ಹಲ್ಲು ಇಳಿಯುವಷ್ಟು ಲೋಟಕ್ಕೆ ಬಗ್ಗಿಸಿ ಕುಡಿಯುತ್ತಿದ್ದಳು. ಮನೆಯಿಂದ ತಂದ ಬಾಟಲಿ ಎಷ್ಟೇ ಎತ್ತರವಿರಲಿ, ಪಟ್ಟಿಯನ್ನು ಆ ಬಾಟಲಿಯ ಮಟ್ಟಕ್ಕೇ ಕತ್ತರಿಸುತ್ತಿದ್ದರು. ಈ ಲೇಖಕನಿಗೆ ಆ ಕಾಗದದ ಪಟ್ಟಿಯ ಮೇಲೆ ತುಂಬು ಗೌರವವಿದೆ.

ಆ ಬಾಟಲಿಗಳ ಮೇಲೆ ‘ಚೆನ್ನಾಗಿ ಅಲ್ಲಾಡಿಸಿ’ ಎಂದು ಬರೆಯುತ್ತಿದ್ದುದೂ ಶಾಸ್ತ್ರಕ್ಕಲ್ಲ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಒಂದು ಕಾಲಕ್ಕೆ ಟಾನಿಕ್‌ಗಳಲ್ಲಿ ಬಳಕೆಯಾಗುತ್ತಿತ್ತು. ಅದನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಒಂದೇ ಬಾಟಲಿಗೆ ಹಾಕಿದರೆ ಸ್ಟ್ರಿಕ್ನಿನ್ ನಿಧಾನವಾಗಿ ಹರಳುಗಟ್ಟಿ ತಳ ಸೇರುತ್ತದೆ. ಮೇಲಿನ ಗುಟುಕುಗಳಲ್ಲಿ ಔಷಧ ಕಡಿಮೆ, ಕೊನೆಯ ಗುಟುಕಿನಲ್ಲಿ ಜೀವ ತೆಗೆಯುವಷ್ಟು ವಿಷ. ಫಾರ್ಮಸಿ ಪಾಠದಲ್ಲಿ ಹೊಂದಾಣಿಕೆಯಾಗದ ಔಷಧಗಳಿಗೆ ಕೊಡುತ್ತ ಬಂದಿರುವ ಉದಾಹರಣೆ ಇದು. ಇಂದಿನ ಪ್ಯಾರಾಸಿಟಮಾಲ್ ಸಸ್ಪೆನ್ಷನ್‌ನಲ್ಲಿ ಅಂಥ ವಿಷವಿಲ್ಲ, ನಿಜ. ಆದರೆ ಪುಡಿ ತಳಕ್ಕೆ ಕೂರುವ ಗುಣ ಅದಕ್ಕೂ ಇದೆ. ಅಲ್ಲಾಡಿಸದೆ ಕೊಟ್ಟರೆ ಮೊದಲ ದಿನ ಜ್ವರ ಇಳಿಯುವುದಿಲ್ಲ, ಕೊನೆಯ ದಿನ ಔಷಧ ಹೆಚ್ಚಾಗುತ್ತದೆ.

ಗ್ರೇನ್ ಕೂಡ ಪೂರ್ತಿ ಹೋಗಿಲ್ಲ. ಒಂದು ಗ್ರೇನ್ ಎಂದರೆ 64.8 ಎಂಜಿ. ಐದು ಗ್ರೇನ್ ಮಾತ್ರೆಯೇ 325 ಎಂಜಿ, ಅದರ ಎರಡರಷ್ಟು 650. ಮನೆಮನೆಯಲ್ಲೂ ‘ಆರುನೂರೈವತ್ತು ಕೊಡಿ’ ಎಂದು ಕೇಳುವ ಜ್ವರದ ಮಾತ್ರೆಯೊಳಗೆ ಹತ್ತು ಗ್ರೇನ್ ಕೂತಿದೆ. ನಮ್ಮ ನಾಟಿ ವೈದ್ಯರ ಗುಲಗಂಜಿ ತೂಕಕ್ಕೂ ಇಂಥದೇ ಗತಿ: ಆಯುರ್ವೇದದ ಅಧಿಕೃತ ಸೂತ್ರಸಂಗ್ರಹದಲ್ಲಿ ಒಂದು ಗುಂಜಿಗೆ 125 ಎಂಜಿ ಎಂದು ಗೊತ್ತುಮಾಡಲಾಗಿದೆ. ಬೀಜದಿಂದ ಬೀಜಕ್ಕೆ ತೂಕ ಬದಲಾಗುವಾಗ ಒಂದು ಅಂಕಿಯನ್ನು ಹಿಡಿದುಕೊಳ್ಳಲೇಬೇಕಿತ್ತು.

ಈಗ ಜನ ಪದೇ ಪದೇ ಎಡವುವ ಜಾಗಕ್ಕೆ ಬರೋಣ. ಎಂಎಲ್ ಹೇಳುವುದು ನೀರಿನ ಲೆಕ್ಕ, ಎಂಜಿ ಹೇಳುವುದು ಔಷಧದ ಲೆಕ್ಕ. ಪ್ಯಾರಾಸಿಟಮಾಲ್ ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯ ಬಾಟಲಿಗಳಲ್ಲಿ ಸಿಗುತ್ತದೆ. ಒಂದರಲ್ಲಿ 5 ಎಂಎಲ್‌ಗೆ 120 ಅಥವಾ 125 ಎಂಜಿ. ಇನ್ನೊಂದರಲ್ಲಿ 5 ಎಂಎಲ್‌ಗೆ 250 ಎಂಜಿ. ಮೂರನೆಯದು ಡ್ರಾಪ್ಸ್, ಅದರಲ್ಲಿ 1 ಎಂಎಲ್‌ಗೇ 100 ಎಂಜಿ. ಲೇಬಲ್‌ನ ಸಣ್ಣಕ್ಷರ ಓದಿ: ‘ಪ್ರತಿ 5 ಎಂಎಲ್‌ನಲ್ಲಿ’ ಎಂದಿದೆಯೋ, ‘ಪ್ರತಿ ಎಂಎಲ್‌ನಲ್ಲಿ’ ಎಂದಿದೆಯೋ?

10 ಕಿಲೋ ತೂಕದ ಮಗುವಿಗೆ ಡಾಕ್ಟರು ಕಿಲೋಗೆ 15 ಎಂಜಿಯಂತೆ 150 ಎಂಜಿ ಕೊಡಲು ಹೇಳಿದ್ದಾರೆ ಅಂದುಕೊಳ್ಳಿ. 125ರ ಬಾಟಲಿಯಾದರೆ 6 ಎಂಎಲ್. 250ರದ್ದಾದರೆ 3 ಎಂಎಲ್. ಡ್ರಾಪ್ಸ್ ಆದರೆ ಒಂದೂವರೆ ಎಂಎಲ್, ಅಷ್ಟೇ. ‘ಡ್ರಾಪ್ಸ್ ಅಂದ್ರೆ ಎಳೆಗೂಸಿಗೆ ಕೊಡೋದು, ಸೌಮ್ಯ ಇರತ್ತೆ’ ಎಂದು ತುಂಬ ಜನ ನಂಬಿದ್ದಾರೆ. ಇರುವುದು ತಿರುಗಾಮುರುಗಾ. ಕೂಸಿನ ಪುಟ್ಟ ಬಾಯಿಗೆ ಕಡಿಮೆ ದ್ರವದಲ್ಲೇ ಔಷಧ ಸೇರಲೆಂದು ಅದನ್ನು 125ರ ಸಿರಪ್‌ಗಿಂತ ನಾಲ್ಕು ಪಟ್ಟು ಗಟ್ಟಿಯಾಗಿ ಮಾಡಿರುತ್ತಾರೆ. ಸಿರಪ್ ಮುಗಿಯಿತೆಂದು ಡ್ರಾಪ್ಸ್ ಬಾಟಲಿಯಿಂದ ಅದೇ 6 ಎಂಎಲ್ ಕೊಟ್ಟರೆ ಮಗುವಿನ ಹೊಟ್ಟೆಗೆ 600 ಎಂಜಿ ಹೋಗುತ್ತದೆ. ನಾಲ್ಕಾರು ತಾಸಿಗೊಮ್ಮೆ ಹಾಗೇ ಮುಂದುವರಿದರೆ ಪೆಟ್ಟು ಬೀಳುವುದು ಲಿವರ್‌ಗೆ. ಅಮೆರಿಕದಲ್ಲಿ ಇದೇ ಗೊಂದಲದಿಂದ ಬೇಸತ್ತು, 2011ರಲ್ಲಿ ತಯಾರಕರು ಕೂಸುಗಳಿಗೂ ದೊಡ್ಡ ಮಕ್ಕಳಿಗೂ 5 ಎಂಎಲ್‌ಗೆ 160 ಎಂಜಿ ಎಂಬ ಒಂದೇ ಪ್ರಮಾಣಕ್ಕೆ ಒಪ್ಪಿಕೊಂಡರು. ನಮ್ಮಲ್ಲಿ ಮೂರೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಮೇಲಿನ ಲೆಕ್ಕ ಉದಾಹರಣೆಗಾಗಿ ಮಾತ್ರ. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು.

ನೀರು ಹಾಕಿ ಕಲಸುವ ಆಂಟಿಬಯಾಟಿಕ್ ಪುಡಿ ಬಾಟಲಿಯಲ್ಲಿ ತಪ್ಪು ಇನ್ನೊಂದು ದಾರಿಯಿಂದ ಬರುತ್ತದೆ. ಅಮಾಕ್ಸಿಸಿಲಿನ್‌ನಂಥವು ನೀರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದಿಲ್ಲ, ಸತ್ವ ಕಳೆದುಕೊಳ್ಳುತ್ತವೆ. ಅದಕ್ಕೇ ಪುಡಿಯಾಗಿ ಮಾರುವುದು. ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲ ಮಾಡಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿಗಿಂತ ತುಸು ಕೆಳಗಿನವರೆಗೆ ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಏಳುತ್ತದೆ. ನೊರೆಯ ಮಟ್ಟವನ್ನೇ ಔಷಧದ ಮಟ್ಟ ಎಂದುಕೊಂಡು ಅಲ್ಲಿಗೇ ಬಿಡುವವರು ಬಹಳ. ನೊರೆ ಇಳಿಯುವವರೆಗೆ ಕಾದು, ಗುರುತಿನವರೆಗೆ ಮತ್ತೆ ನೀರು ಹಾಕಿ, ಇನ್ನೊಮ್ಮೆ ಅಲ್ಲಾಡಿಸಬೇಕು. 5 ಎಂಎಲ್‌ಗೆ 125 ಎಂಜಿ ಇರುವ 30 ಎಂಎಲ್ ಬಾಟಲಿಯಲ್ಲಿ ಒಟ್ಟು 750 ಎಂಜಿ ಔಷಧವಿರುತ್ತದೆ. ಕತ್ತಿನವರೆಗೆ ನೀರು ತುಂಬಿ 40 ಎಂಎಲ್ ಮಾಡಿದರೆ 5 ಎಂಎಲ್‌ನಲ್ಲಿ ಉಳಿಯುವುದು 94 ಎಂಜಿ. ನೊರೆ ನೋಡಿ 26 ಎಂಎಲ್‌ಗೇ ನಿಲ್ಲಿಸಿದರೆ 144. ಬಿಸಿ ನೀರು ಹಾಕಿದರಂತೂ ಔಷಧವೇ ಕೆಡುತ್ತದೆ. ಕಲಸಿದ ತಾರೀಕನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಎಷ್ಟು ದಿನ, ಫ್ರಿಜ್‌ನಲ್ಲೋ ಹೊರಗೋ ಎಂಬುದು ಲೇಬಲ್ ಮೇಲಿರುತ್ತದೆ. ಉಳಿದದ್ದನ್ನು ಮುಂದಿನ ನೆಗಡಿಗೆ ಎತ್ತಿಡಬೇಡಿ.

ಅಳೆಯಲು ಸೂಜಿಯಿಲ್ಲದ ಬಾಯಿ ಸಿರಿಂಜ್ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲೂ 5 ಎಂಎಲ್‌ಗಿಂತ ಕಡಿಮೆ ಕೊಡುವಾಗ. ಗುಳ್ಳೆ ಬಂದರೆ ಔಷಧವನ್ನು ವಾಪಸ್ ತಳ್ಳಿ ಮತ್ತೆ ಎಳೆಯಿರಿ. ಗಂಟಲಿಗೆ ನೇರ ಹೊಡೆಯದೆ ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಕಪ್ ಬಳಸುವುದಾದರೆ ಕೈಯಲ್ಲಿ ಎತ್ತಿ ಹಿಡಿಯದೆ ಮೇಜಿನ ಮೇಲಿಟ್ಟು, ಬಗ್ಗಿ, ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಡಾಕ್ಟರುಗಳಲ್ಲಿ ಒಂದು ವಿನಂತಿ: ಅರ್ಧ ಎಂಎಲ್ ಬರೆಯುವಾಗ ಚುಕ್ಕಿಯ ಹಿಂದೆ ಸೊನ್ನೆ ಇರಲಿ, 0.5 ಎಂದೇ ಬರೆಯಿರಿ. ಚುಕ್ಕಿ ಮಾಸಿದರೆ ಅದು 5 ಆಗುತ್ತದೆ, ಹತ್ತು ಪಟ್ಟು.

ಇದನ್ನೆಲ್ಲ ಹೇಳಿಕೊಡಬೇಕಾದವರು ಯಾರು? 1930ರಲ್ಲಿ ನೇಮಕವಾದ, ಔಷಧ ವಿಜ್ಞಾನಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಸಮಿತಿ, ಔಷಧ ಕಲಸಿಕೊಡುವ ಕೆಲಸಕ್ಕೆ ತರಬೇತಿ ಮತ್ತು ನಿಯಮ ಬೇಕೆಂದು ಶಿಫಾರಸು ಮಾಡಿತು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಅಂಗಡಿಯಲ್ಲಿ ಅವರಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಮಗುವಿನ ತೂಕ ಹೇಳಿ, ಚೀಟಿ ತೋರಿಸಿ, ‘ಈ ಬಾಟಲಿಯಲ್ಲಿ ಎಷ್ಟು ಎಂಎಲ್?’ ಎಂದು ಕೇಳಿ, ಸಿರಿಂಜ್ ಮೇಲಿನ ಆ ಗೆರೆಗೆ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಮುಂದಿನ ಸಲ ಬೇರೆ ಕಂಪನಿಯ ಬಾಟಲಿ ಕೊಟ್ಟರೆ ಹಳೆಯ ಗುರುತು ಅಳಿಸಿ, ಮತ್ತೆ ಕೇಳಿ.