ಫ್ಯಾನಿನ ಸದ್ದಿನಲ್ಲಿ ಕಳೆದುಹೋದ ಕೆಮ್ಮು

ಕಳೆದ ಬೇಸಿಗೆಯಲ್ಲಿ ನಾನು ಸಂಕಲನ ಮಾಡುತ್ತಿದ್ದ ಚಿತ್ರವೊಂದನ್ನು, ಅಂತಿಮ ಪ್ರತಿ ಸಿದ್ಧವಾಗುವ ಮೊದಲೇ, ಚಿತ್ರೀಕರಣ ನಡೆದ ತೀರ್ಥಹಳ್ಳಿ ಕಡೆಯ ಊರಿನ ಸಮುದಾಯ ಭವನದಲ್ಲಿ ತೋರಿಸಿದೆವು. ಅಡಿಕೆ ತೋಟದ ಒಂದು ಮನೆ, ಒಂದು ಮಳೆಗಾಲದಿಂದ ಮರು ಮಳೆಗಾಲದವರೆಗಿನ ಬದುಕು. ಹಾಡಿಲ್ಲ, ಹೊಡೆದಾಟವಿಲ್ಲ. ಅರ್ಧಕ್ಕೇ ಹತ್ತಾರು ಜನ ಎದ್ದರು. ಕೊನೆಯವರೆಗೆ ಕುಳಿತವರಲ್ಲಿ ಕೆಲವರು ದೀಪ ಹಾಕಿದ ಮೇಲೂ ಕುರ್ಚಿ ಬಿಡಲಿಲ್ಲ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ, ‘ಕಥೆ ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತಲೇ ಇದ್ದೆ ಸರ್’ ಎಂದ.

ಇಂಥ ಹೊತ್ತಿನಲ್ಲಿ ನಮ್ಮ ವೃತ್ತಿಯವರು ‘ಜನರಿಗೆ ತಾಳ್ಮೆಯಿಲ್ಲ’ ಎಂದುಬಿಡುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ತೋಟ-ಗದ್ದೆಯ ಜನರ ಮುಂದಿಟ್ಟ ಜಿಲ್ಲೆ ಇದು. ಬೆಳಗಿನವರೆಗೂ ಯಕ್ಷಗಾನಕ್ಕೆ ಕೂತು ಬೆಳೆದ ಊರಿಗೆ ತಾಳ್ಮೆಯ ಪಾಠ ಹೇಳಲು ನಾವು ಯಾರು?

ತೆರೆಯ ಮೇಲೆ ಏನಿದೆ ಎಂದು ಗುರುತಿಸಲು ಕಣ್ಣಿಗೆ ಎರಡು ಮೂರು ಸೆಕೆಂಡು ಸಾಕು. ಅಲ್ಲಿಂದ ಮುಂದೆ ನೋಡುಗ ಹೊಸತಿಗಾಗಿ ಕಾಯುತ್ತಾನೆ, ಬಾರದಿದ್ದರೆ ಬೇಸರಪಡುತ್ತಾನೆ. ಆ ಬೇಸರವನ್ನು ದಾಟಿಸುವಂಥದ್ದು ದೃಶ್ಯದೊಳಗೆ ಇದ್ದರೆ ತಾನಾಗಿಯೇ ಹುಡುಕಿ ನೋಡತೊಡಗುತ್ತಾನೆ. ಇಲ್ಲದಿದ್ದರೆ ಅವನು ಎದ್ದು ಹೋಗುವುದೇ ಸರಿ.

ನಮ್ಮ ಚಿತ್ರದಲ್ಲಿ 50 ಸೆಕೆಂಡಿನ ಒಂದು ಶಾಟ್ ಇತ್ತು. ಸೆಕೆಂಡಿಗೆ 24ರಂತೆ 1,200 ಚೌಕಟ್ಟು. ರಾತ್ರಿ, ಬಲ್ಬಿನ ಬೆಳಕಿನಲ್ಲಿ ಹೆಂಗಸೊಬ್ಬಳು ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಾಳೆ. ಒಳಮನೆಯಿಂದ ಗಂಡನ ಕೆಮ್ಮು ಕೇಳುತ್ತದೆ. ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಸುಲಿಯುತ್ತದೆ. ಚಿತ್ರದ ಉಳಿದರ್ಧ ನಿಂತಿರುವುದು ಆ ಕೆಮ್ಮಿನ ಮೇಲೆ.

ನಾನು ಹಿಂದಿನ ಸಾಲಿನಲ್ಲಿದ್ದೆ. ನನಗೆ ಕೆಮ್ಮು ಕೇಳಲಿಲ್ಲ! ತಲೆಯ ಮೇಲೆ ಆರು ಫ್ಯಾನು ತಿರುಗುತ್ತಿದ್ದವು. ಸ್ಪೀಕರು ಇದ್ದದ್ದು ಎರಡೇ, ಅವೂ ತೆರೆಯ ಪಕ್ಕದಲ್ಲಿ. ಸ್ಟುಡಿಯೋದಲ್ಲಿ ಸುತ್ತಲೂ ಸ್ಪೀಕರು ಇಟ್ಟುಕೊಂಡು, ಆ ಸದ್ದು ಬೆನ್ನ ಹಿಂದಿನಿಂದ ಮೆಲ್ಲಗೆ ಬರುವಂತೆ ನಾವೇ ಜೋಡಿಸಿದ್ದೆವು. ಹಿಂದೆ ಕುಳಿತವರ ಪಾಲಿಗೆ ಹೆಂಗಸು ಕಾರಣವಿಲ್ಲದೆ ಕೈ ನಿಲ್ಲಿಸಿದಳು, ಅಷ್ಟೆ. ಮೊದಲು ಎದ್ದವರು ನನ್ನ ಅಕ್ಕಪಕ್ಕದವರೇ. ಆ ಹುಡುಗನೂ ಅಲ್ಲೇ ಇದ್ದ. ಕಥೆ ಶುರುವಾಗಿತ್ತು, ಅವನಿಗೆ ಕೇಳಿಸಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಹತ್ತಿರ ಕರೆದು, ‘ತಮ್ಮಾ, ಅವಳಿಗೆ ಸುಲಿದು ರೂಢಿಯಿಲ್ಲ. ಕತ್ತಿ ನೋಡಿಕೊಂಡು ಯಾರು ಸುಲಿಯುತ್ತಾರೆ?’ ಎಂದರು. ಅವರು ಹೇಳಿದ್ದು ನಿಜ. ವರ್ಷಗಟ್ಟಲೆ ಸುಲಿದವರ ಕೈಗೆ ಕಣ್ಣು ಬೇಡ. ಕಾಯಿ ಕತ್ತಿಗೆ ತಾಗುತ್ತದೆ, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಬಾಯಿ ಪಕ್ಕದವರೊಡನೆ ಊರ ಸುದ್ದಿಯಲ್ಲಿರುತ್ತದೆ. ನಮ್ಮ ನಟಿ ಬೆರಳು ಕೊಯ್ದುಕೊಳ್ಳುವ ಭಯಕ್ಕೆ ಕತ್ತಿಯಿಂದ ದೃಷ್ಟಿ ತೆಗೆದಿರಲಿಲ್ಲ. ಹತ್ತು ಸೆಕೆಂಡಿನ ತುಣುಕಾಗಿದ್ದರೆ ಈ ತಪ್ಪು ದಾಟಿಹೋಗುತ್ತಿತ್ತು. ನಿಧಾನದ ಚಿತ್ರ ಮಾಡುವವರು ಹೆಚ್ಚು ಕರಾರುವಾಕ್ಕಾಗಿರಬೇಕು ಎಂದು ನಾನು ವಾದಿಸುವುದು ಇದಕ್ಕೇ. ಕ್ಯಾಮೆರಾ ಸುಮ್ಮನೆ ನಿಂತಷ್ಟೂ ಸುಳ್ಳು ಬಯಲಾಗುತ್ತದೆ.

‘ಚಿತ್ರ ಹೇಗಿತ್ತು ಅಮ್ಮಾ?’ ಎಂದು ಕೇಳಿದೆ. ‘ಗಂಡನನ್ನು ಮೊದಲೇ ಆಸ್ಪತ್ರೆಗೆ ತೋರಿಸಬೇಕಿತ್ತು’ ಎಂದರು. ಅವರಿಗೆ ಕೆಮ್ಮು ಕೇಳಿಸಿತ್ತು.

ಮರಳಿ ಬಂದು ಶಾಟಿನ ಮೊದಲ 16 ಸೆಕೆಂಡು ತೆಗೆದೆ. ಅವಳ ಕಣ್ಣು ಕತ್ತಿಗೆ ಅಂಟಿಕೊಂಡಿದ್ದು ಹೆಚ್ಚಾಗಿ ಅಲ್ಲೇ. ಅಷ್ಟಕ್ಕೆ ನಿರ್ದೇಶಕರೊಡನೆ ಎರಡು ದಿನ ವಾದವಾಯಿತು. ಕೆಮ್ಮನ್ನು ಮುಂದಿನ ಸ್ಪೀಕರಿಗೆ ತಂದೆವು. ಕೊನೆಯಲ್ಲಿ ಬರುವ, ಸೂರಿನ ನೀರು ಅಂಗಳಕ್ಕೆ ಇಳಿಯುವ ಶಾಟ್ 70 ಸೆಕೆಂಡಿನದು. ಅದನ್ನು ಮುಟ್ಟಲಿಲ್ಲ. ಆ ದಿನ ಎದ್ದು ಹೋಗಿ ಹೊರಗೆ ಹರಟುತ್ತಿದ್ದವರು ಆ ಮಳೆಯ ಸದ್ದಿಗೆ ಬಾಗಿಲಿಗೆ ಬಂದು, ಅದು ಮುಗಿಯುವವರೆಗೆ ನಿಂತೇ ನೋಡಿದ್ದರು.